ದೀಕ್ಷಾಸ್ನಾನಕ್ಕೆ ಮರಣದಂಡನೆ: ಅನಬ್ಯಾಪ್ಟಿಸ್ಟರನ್ನು ಯುರೋಪ್ ಯಾಕೆ ಬೇಟೆಯಾಡಿತು?

ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿಬಂದ ನಮ್ಮವರ ಮೊಬೈಲಿನಲ್ಲಿ ಒಂದು ಫೋಟೋ ಇದ್ದೇ ಇರುತ್ತದೆ. ಟಾರು ರಸ್ತೆಯಲ್ಲಿ ಕಾರುಗಳ ಪಕ್ಕದಲ್ಲೇ ಹೋಗುತ್ತಿರುವ ಕುದುರೆಗಾಡಿ, ಒಳಗೆ ಗಡ್ಡ ಬಿಟ್ಟ ಗಂಡಸು, ತಲೆಗೆ ಬಿಳಿ ಟೋಪಿ ಕಟ್ಟಿದ ಹೆಂಗಸು. "ಇವರು ಆಮಿಶ್ ಜನ, ಹಳೇ ಕಾಲದ ಹಾಗೇ ಬದುಕ್ತಾರೆ" ಅಂತ ಹೇಳಿ ಮುಂದಿನ ಫೋಟೋ ತೋರಿಸುತ್ತಾರೆ. ಈ ಜನ ಅಲ್ಲಿಗೆ ಯಾಕೆ ಬಂದರು ಅಂತ ಹುಡುಕಿಕೊಂಡು ಹೊರಟರೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಒಂದು ಮನೆಗೆ ಹೋಗಿ ನಿಲ್ಲುತ್ತೇವೆ. 1525ರ ಜನವರಿ 21ರ ಸಂಜೆ ಆ ಮನೆಯಲ್ಲಿ ಕೆಲವರು ಸೇರಿ, ದೊಡ್ಡವರಾದ ಮೇಲೆ ಮತ್ತೊಮ್ಮೆ ದೀಕ್ಷಾಸ್ನಾನ ಪಡೆದರು. 2025ಕ್ಕೆ ಅದಕ್ಕೆ 500 ವರ್ಷ ತುಂಬಿತು. ಆ ನೆನಪಿಗೆ ಬೇರೆ ಬೇರೆ ದೇಶಗಳ ಜನ ಜ್ಯೂರಿಕ್‌ನಲ್ಲಿ ಸೇರಿದ್ದರು.

ಈ ಕಥೆಯನ್ನು ಮೊದಲ ಸಲ ಕೇಳಿದವರಿಗೆ ಒಂದೇ ಪ್ರಶ್ನೆ ಏಳುತ್ತದೆ. ತಲೆಯ ಮೇಲೆ ಎರಡನೇ ಸಲ ನೀರು ಹಾಕಿಸಿಕೊಂಡರೆ ಅದು ಕೊಲ್ಲುವಂಥ ಅಪರಾಧ ಹೇಗಾಯಿತು? ಅದೂ ಬೇರೆಲ್ಲ ವಿಷಯದಲ್ಲೂ ಕಚ್ಚಾಡುತ್ತಿದ್ದ ಕ್ಯಾಥೊಲಿಕರು, ಪ್ರಾಟೆಸ್ಟೆಂಟರು ಇದೊಂದರಲ್ಲಿ ಮಾತ್ರ ಒಪ್ಪಿದ್ದು ಹೇಗೆ?

ಆ ಕಾಲದಲ್ಲಿ ದೀಕ್ಷಾಸ್ನಾನ ಅಂದರೆ ಏನು

ನೀರಿನ ಮೂಲಕ ಒಬ್ಬರನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರಕ್ಕೆ ದೀಕ್ಷಾಸ್ನಾನ ಅನ್ನುತ್ತಾರೆ. 500 ವರ್ಷದ ಹಿಂದಿನ ಯುರೋಪಿನಲ್ಲಿ ಇದನ್ನು ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮಾಡಿಬಿಡುತ್ತಿದ್ದರು. ಹಸುಗೂಸುಗಳು ಸಾಯುವುದು ಮಾಮೂಲಾಗಿದ್ದ ಕಾಲ ಅದು. ದೀಕ್ಷಾಸ್ನಾನ ಆಗದೆ ಸತ್ತ ಮಗುವಿಗೆ ಸ್ವರ್ಗ ಸಿಗುವುದಿಲ್ಲ ಅನ್ನುವ ಭಯ ತಾಯಂದಿರಿಗೆ ನಿಜವಾಗಿಯೂ ಇತ್ತು.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಇಡೀ ಕಥೆಯ ಕೀಲಿಕೈ ಇಲ್ಲೇ ಇರುವುದು. ಆಗ ಊರು ಬೇರೆ, ಚರ್ಚು ಬೇರೆ ಆಗಿರಲಿಲ್ಲ. ಯೆಹೂದ್ಯರನ್ನು ಬಿಟ್ಟರೆ, ಊರಲ್ಲಿ ಹುಟ್ಟಿದವರೆಲ್ಲ ಚರ್ಚಿನವರೇ. ಮದುವೆ, ಮಣ್ಣು, ತೆರಿಗೆ, ರಾಜನ ಮೇಲಿನ ನಿಷ್ಠೆ ಎಲ್ಲವೂ ಅದೇ ಒಂದು ಹೆಣಿಗೆಯೊಳಗೆ ಇದ್ದವು. ನಮ್ಮಲ್ಲಿ ಒಬ್ಬ ತಂದೆ ಬಂದು "ನನ್ನ ಮಗುವಿನ ಜನನ ನೋಂದಣಿ ಬೇಡ, ಈ ದೇಶಕ್ಕೆ ಸೇರಬೇಕೋ ಬೇಡವೋ ಅಂತ ಅವನೇ ದೊಡ್ಡವನಾದ ಮೇಲೆ ತೀರ್ಮಾನ ಮಾಡಲಿ" ಅಂದರೆ ಅಧಿಕಾರಿಗಳಿಗೆ ಹೇಗನ್ನಿಸಬಹುದು? ಮಗುವಿಗೆ ದೀಕ್ಷಾಸ್ನಾನ ಬೇಡ ಅಂದವರ ಮಾತು ಆಗಿನ ಆಳುವವರಿಗೆ ಹಾಗೆ ಕೇಳಿಸಿತು. ದೇವರ ವಿಷಯವಾಗಿ ಎದ್ದ ಮಾತು ಅವರ ಕಿವಿಗೆ ರಾಜ್ಯದ ಬುಡವನ್ನೇ ಅಲುಗಾಡಿಸುವ ಮಾತಾಗಿತ್ತು.

ಜ್ಯೂರಿಕ್‌ನಲ್ಲಿ ಗುರು, ಶಿಷ್ಯರು ಬೇರೆಯಾದದ್ದು

1517ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ರೋಮಿನ ಚರ್ಚಿನ ವಿರುದ್ಧ ದನಿ ಎತ್ತಿದ. ಅಲ್ಲಿಂದ ಶುರುವಾದ ದೊಡ್ಡ ಬದಲಾವಣೆಯನ್ನು ಧರ್ಮಸುಧಾರಣೆ ಅನ್ನುತ್ತೇವೆ. ಜ್ಯೂರಿಕ್‌ನಲ್ಲಿ ಅದರ ಮುಂದಾಳು ಉಲ್ರಿಕ್ ಜ್ವಿಂಗ್ಲಿ. 1519ರಲ್ಲಿ ಅವನು ನಗರದ ದೊಡ್ಡ ಚರ್ಚಿಗೆ ಪಾದ್ರಿಯಾಗಿ ಬಂದ. ಬೈಬಲಿನಲ್ಲಿ ಇಲ್ಲದ್ದನ್ನು ಚರ್ಚು ಜನರ ಮೇಲೆ ಹೇರಬಾರದು ಅನ್ನುವುದು ಅವನ ವಾದ. 1522ರಲ್ಲಿ, ಮಾಂಸ ಮುಟ್ಟಬಾರದ ಉಪವಾಸದ ದಿನಗಳಲ್ಲಿ, ಅವನ ಗೆಳೆಯನಾದ ಒಬ್ಬ ಮುದ್ರಕನ ಮನೆಯಲ್ಲಿ ಕೆಲವರು ಸಾಸೇಜ್ ತಿಂದರು. ಜ್ವಿಂಗ್ಲಿ ತಿನ್ನಲಿಲ್ಲ, ಆದರೆ ಅಲ್ಲೇ ಇದ್ದ. ತಿಂದವರ ಪರವಾಗಿ ಉಪದೇಶವನ್ನೂ ಮಾಡಿದ.

ಅವನ ಸುತ್ತ ಓದಿಕೊಂಡ ಹುಡುಗರ ಗುಂಪೊಂದಿತ್ತು. ಕಾನ್ರಾಡ್ ಗ್ರೇಬೆಲ್ ನಗರಸಭೆಯ ಸದಸ್ಯನ ಮಗ. ಫೆಲಿಕ್ಸ್ ಮಾಂಟ್ಸ್ ಪಾದ್ರಿಯೊಬ್ಬನ ಮಗ, ಹೀಬ್ರೂ ಭಾಷೆಯಲ್ಲಿ ಗಟ್ಟಿಗ. ಬೈಬಲನ್ನು ಮೂಲ ಭಾಷೆಯಲ್ಲೇ ಓದುವುದನ್ನು ಇವರು ಕಲಿತದ್ದು ಜ್ವಿಂಗ್ಲಿಯ ಜೊತೆ ಕೂತು. ಗುರು ಹೇಳಿಕೊಟ್ಟದ್ದನ್ನೇ ಶಿಷ್ಯರು ಕೊನೆಯವರೆಗೂ ಎಳೆದದ್ದು ಜಗಳಕ್ಕೆ ಕಾರಣವಾಯಿತು.

ಮೊದಲ ಬಿರುಕು ಬಿಟ್ಟದ್ದು ದೀಕ್ಷಾಸ್ನಾನದ ವಿಷಯಕ್ಕಲ್ಲ. 1523ರ ಅಕ್ಟೋಬರಿನಲ್ಲಿ ಚರ್ಚಿನ ವಿಗ್ರಹಗಳು ಮತ್ತು ಪೂಜೆಯ ಕ್ರಮದ ಬಗ್ಗೆ ಬಹಿರಂಗ ಚರ್ಚೆ ನಡೆಯಿತು. ಹಳೆಯ ಪೂಜೆ ತಪ್ಪು ಅಂತ ಜ್ವಿಂಗ್ಲಿ ಒಪ್ಪಿದ. ಆದರೆ ಅದನ್ನು ಯಾವಾಗ, ಹೇಗೆ ನಿಲ್ಲಿಸಬೇಕು ಅನ್ನುವುದನ್ನು ನಗರಸಭೆ ತೀರ್ಮಾನಿಸಲಿ ಅಂದ. ಶಿಷ್ಯರಿಗೆ ಇದು ಹಿಡಿಸಲಿಲ್ಲ. ದೇವರ ವಾಕ್ಯ ಸ್ಪಷ್ಟವಾಗಿ ಹೇಳಿದ್ದಕ್ಕೆ ನಗರಸಭೆಯ ಅಪ್ಪಣೆ ಯಾಕೆ ಕಾಯಬೇಕು ಅನ್ನುವುದು ಅವರ ಪ್ರಶ್ನೆ. ಜ್ವಿಂಗ್ಲಿಯ ಲೆಕ್ಕವೂ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಗರಸಭೆಯ ಬೆಂಬಲ ತಪ್ಪಿದರೆ, ಸುತ್ತಲಿನ ಕ್ಯಾಥೊಲಿಕ್ ಪ್ರಾಂತ್ಯಗಳು ಇಡೀ ಸುಧಾರಣೆಯನ್ನೇ ಮುಗಿಸಿಬಿಡುತ್ತವೆ ಅಂತ ಅವನಿಗೆ ಗೊತ್ತಿತ್ತು.

ಅದೇ ಹೊತ್ತಿಗೆ ಜ್ಯೂರಿಕ್‌ನ ಸುತ್ತಲ ಹಳ್ಳಿಗಳವರು ಬೆಳೆಯ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡಲು ತಕರಾರು ತೆಗೆದಿದ್ದರು. 1524ರಲ್ಲಿ ವಿಟಿಕೋನ್ ಹಳ್ಳಿಯ ಪಾದ್ರಿ ವಿಲ್‌ಹೆಲ್ಮ್ ರಾಯ್ಬ್ಲಿನ್ ಶಿಶು ದೀಕ್ಷಾಸ್ನಾನದ ವಿರುದ್ಧವೇ ಉಪದೇಶ ಮಾಡಿದ. ಕೆಲವು ಅಪ್ಪಂದಿರು ಮಕ್ಕಳನ್ನು ಚರ್ಚಿಗೆ ತರುವುದನ್ನು ನಿಲ್ಲಿಸಿದರು. ವಾದ ಸರಳ: ಬೈಬಲಿನಲ್ಲಿ ಮೊದಲು ನಂಬಿಕೆ, ಆಮೇಲೆ ದೀಕ್ಷಾಸ್ನಾನ. ತೊಟ್ಟಿಲ ಕೂಸು ಏನನ್ನು ನಂಬೀತು? ಕೆಲವು ವರ್ಷದ ಹಿಂದೆ ಜ್ವಿಂಗ್ಲಿಗೂ ಇದೇ ಅನುಮಾನ ಇತ್ತು. ಅದನ್ನು ಆಮೇಲೆ ಅವನೇ ಒಪ್ಪಿಕೊಂಡಿದ್ದಾನೆ.

1525ರ ಜನವರಿ 17ರಂದು ನಗರಸಭೆ ಈ ಬಗ್ಗೆ ಚರ್ಚೆ ಇಟ್ಟಿತು. ತೀರ್ಪು ಜ್ವಿಂಗ್ಲಿಯ ಕಡೆಗಾಯಿತು. ದೀಕ್ಷಾಸ್ನಾನ ಆಗದ ಮಕ್ಕಳಿಗೆ ಎಂಟು ದಿನದೊಳಗೆ ಮಾಡಿಸಬೇಕು, ಇಲ್ಲವಾದರೆ ಊರು ಬಿಡಬೇಕು. 21ರಂದು ಇನ್ನೊಂದು ಆಜ್ಞೆ ಬಂತು: ಗ್ರೇಬೆಲ್, ಮಾಂಟ್ಸ್ ಇನ್ನು ಸಭೆ ಸೇರುವಂತಿಲ್ಲ, ಚರ್ಚೆ ಮಾಡುವಂತಿಲ್ಲ.

ಅವರು ಅದೇ ಸಂಜೆ ಮಾಂಟ್ಸ್‌ನ ತಾಯಿಯ ಮನೆಯಲ್ಲಿ ಸೇರಿದರು. ಪ್ರಾರ್ಥನೆ ಆಯಿತು. ಬೆಟ್ಟದ ನಾಡಿನಿಂದ ಬಂದಿದ್ದ ಜಾರ್ಜ್ ಬ್ಲೌರಾಕ್ ಅನ್ನುವ ಮಾಜಿ ಪಾದ್ರಿ ಎದ್ದು, ತನಗೆ ನಿಜವಾದ ದೀಕ್ಷಾಸ್ನಾನ ಕೊಡು ಅಂತ ಗ್ರೇಬೆಲ್‌ನನ್ನು ಕೇಳಿ ಮೊಣಕಾಲೂರಿದ. ಗ್ರೇಬೆಲ್ ಕೊಟ್ಟ. ಆಮೇಲೆ ಬ್ಲೌರಾಕ್ ಉಳಿದವರಿಗೆ ಕೊಟ್ಟ. ಮುಂದಿನ ದಿನಗಳಲ್ಲಿ ಪಕ್ಕದ ಜೋಲಿಕೋನ್ ಹಳ್ಳಿಯ ರೈತರ ಮನೆಗಳಲ್ಲೂ ಇದು ನಡೆಯಿತು. ಆಮೇಲೆ ವಿಚಾರಣೆಯಲ್ಲಿ ಆ ರೈತರು ಕೊಟ್ಟ ಹೇಳಿಕೆಗಳಲ್ಲಿ ಒಂದು ಸಣ್ಣ ವಿವರ ಸಿಗುತ್ತದೆ. ಮಾಂಟ್ಸ್ ಅಡುಗೆಮನೆಯ ಸೌಟೊಂದನ್ನು ತೆಗೆದುಕೊಂಡು, ಅದರಲ್ಲೇ ನೀರು ಮೊಗೆದು ತಲೆಯ ಮೇಲೆ ಸುರಿದನಂತೆ. ಚರ್ಚೂ ಇಲ್ಲ, ಪಾದ್ರಿಯ ನಿಲುವಂಗಿಯೂ ಇಲ್ಲ. ಒಂದು ಸೌಟು, ಒಂದಿಷ್ಟು ನೀರು.

ಹೆಸರಿನಲ್ಲೇ ಇದ್ದ ಅಪಾಯ

ವಿರೋಧಿಗಳು ಇವರನ್ನು 'ಮತ್ತೆ ದೀಕ್ಷಾಸ್ನಾನ ಮಾಡುವವರು' ಅನ್ನುವ ಅರ್ಥದಲ್ಲಿ ಅನಬ್ಯಾಪ್ಟಿಸ್ಟರು ಅಂದರು. ಅವರು ಅದನ್ನು ಒಪ್ಪಲಿಲ್ಲ. ಹಸುಗೂಸಿನಲ್ಲಿ ಆದದ್ದು ದೀಕ್ಷಾಸ್ನಾನವೇ ಅಲ್ಲ, ಹಾಗಾಗಿ ಇದು ಎರಡನೆಯದೂ ಅಲ್ಲ ಅಂದರು. ಈ ಜಗಳ ಬರೀ ಹೆಸರಿನದಾಗಿರಲಿಲ್ಲ. ಐದನೇ ಶತಮಾನದ ರೋಮನ್ ಕಾನೂನೊಂದು ಎರಡನೇ ಸಲ ದೀಕ್ಷಾಸ್ನಾನ ಕೊಡುವವರಿಗೆ ಮರಣದಂಡನೆ ಹೇಳಿತ್ತು. ಆಫ್ರಿಕಾದ ಬೇರೊಂದು ಪಂಗಡದ ಮೇಲೆ ಬಂದ ಕಾನೂನು ಅದು, ಸಾವಿರ ವರ್ಷ ಹಳೆಯದು. ಈಗ ಅದನ್ನು ದೂಳು ಕೊಡವಿ ಹೊರತೆಗೆದರು.

ಜ್ಯೂರಿಕ್ ಮೊದಲು ದಂಡ ಹಾಕಿ ನೋಡಿತು, ಗಡಿಪಾರು ಮಾಡಿ ನೋಡಿತು, ಗೋಪುರದ ಸೆರೆಯಲ್ಲಿಟ್ಟು ಬರೀ ರೊಟ್ಟಿ, ನೀರು ಕೊಟ್ಟು ನೋಡಿತು. 1526ರ ಮಾರ್ಚಿನಲ್ಲಿ ಸೆರೆಯಲ್ಲಿದ್ದವರು ಕಿಟಕಿಯಿಂದ ಹಗ್ಗ ಇಳಿಬಿಟ್ಟು ತಪ್ಪಿಸಿಕೊಂಡರು. ಅದೇ ತಿಂಗಳು ನಗರಸಭೆ ಹೊಸ ಆಜ್ಞೆ ಹೊರಡಿಸಿತ್ತು: ಇನ್ನು ಮುಂದೆ ಯಾರಾದರೂ ಮರು ದೀಕ್ಷಾಸ್ನಾನ ಕೊಟ್ಟರೆ ಅವರನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲುವುದು. ಗ್ರೇಬೆಲ್ ಆ ವರ್ಷವೇ ಪ್ಲೇಗಿಗೆ ಬಲಿಯಾದ. ಮಾಂಟ್ಸ್ ಸಿಕ್ಕಿಬಿದ್ದ.

1527ರ ಜನವರಿ 5ರ ಮಧ್ಯಾಹ್ನ ಮಾಂಟ್ಸ್‌ನನ್ನು ಸೆರೆಯಿಂದ ಹೊರತಂದು ಮೀನು ಮಾರ್ಕೆಟ್ಟಿನ ದಾರಿಯಲ್ಲಿ ನಡೆಸಿಕೊಂಡು ಹೋದರು. ದೋಣಿ ಹತ್ತಿಸಿ ಲಿಮ್ಮಾಟ್ ನದಿಯ ನಡುವೆ ಒಯ್ದರು. ಕೈ ಕಟ್ಟಿ, ಆ ಕೈಗಳನ್ನು ಮೊಣಕಾಲಿನಿಂದ ಕೆಳಗೆ ಸರಿಸಿ, ನಡುವೆ ಒಂದು ಕೋಲು ತೂರಿಸಿದರು. ಹೀಗೆ ಕಟ್ಟಿದರೆ ಮನುಷ್ಯ ಈಜುವುದಿರಲಿ, ಮೈ ಬಿಡಿಸಲೂ ಆಗುವುದಿಲ್ಲ. ದಡದಲ್ಲಿ ಅವನ ತಾಯಿ, ತಮ್ಮ ನಿಂತು "ನಂಬಿಕೆ ಬಿಡಬೇಡ" ಅಂತ ಕೂಗಿ ಹೇಳುತ್ತಿದ್ದರು. ಇದನ್ನು ಬರೆದಿಟ್ಟವನು ಬುಲಿಂಗರ್. ಜ್ವಿಂಗ್ಲಿಯ ನಂತರ ಅದೇ ಚರ್ಚಿಗೆ ಬಂದ ಪಾದ್ರಿ, ಅನಬ್ಯಾಪ್ಟಿಸ್ಟರ ಕಡು ವಿರೋಧಿ. ಹಾಗಾಗಿ ಈ ವಿವರ ಅಭಿಮಾನಿಗಳು ಕಟ್ಟಿದ ಕಥೆ ಅನ್ನುವ ಹಾಗಿಲ್ಲ. ಅದೇ ದಿನ ಬ್ಲೌರಾಕ್‌ನನ್ನು ಬೆತ್ತದಿಂದ ಹೊಡೆಯುತ್ತಾ ಊರಿನಿಂದ ಹೊರಹಾಕಿದರು. ಎರಡು ವರ್ಷದ ನಂತರ, 1529ರಲ್ಲಿ, ಟಿರೋಲ್ ಪ್ರಾಂತ್ಯದಲ್ಲಿ ಅವನನ್ನು ಸುಟ್ಟರು.

ಒಂದು ಪ್ರಾಟೆಸ್ಟೆಂಟ್ ನಗರ ಒಬ್ಬ ಅನಬ್ಯಾಪ್ಟಿಸ್ಟನನ್ನು ಕೊಂದದ್ದು ಇದೇ ಮೊದಲು.

ಕತ್ತಿ ಬೇಡ, ಆಣೆ ಬೇಡ

ಮಾಂಟ್ಸ್ ಸತ್ತ ಮರುತಿಂಗಳು ಅಳಿದುಳಿದವರು ಶ್ಲೈಟ್‌ಹೈಮ್ ಅನ್ನುವ ಗಡಿ ಹಳ್ಳಿಯಲ್ಲಿ ಗುಟ್ಟಾಗಿ ಸೇರಿ ಏಳು ಅಂಶಗಳನ್ನು ಬರೆದರು. ಮುಂದಾಳಾಗಿದ್ದವನು ಮೈಕೆಲ್ ಸಾಟ್ಲರ್, ಮಠ ಬಿಟ್ಟು ಬಂದ ಸನ್ಯಾಸಿ. ಏಳರಲ್ಲಿ ಎರಡನ್ನು ಹತ್ತಿರದಿಂದ ನೋಡಿದರೆ ಆಳುವವರ ಸಿಟ್ಟು ಅರ್ಥವಾಗುತ್ತದೆ.

ಮೊದಲನೆಯದು ಕತ್ತಿ. ಕ್ರಿಸ್ತನ ಹಿಂಬಾಲಕರು ಸೈನಿಕರೂ ಆಗಬಾರದು, ಶಿಕ್ಷೆ ಕೊಡುವ ಅಧಿಕಾರಿಗಳೂ ಆಗಬಾರದು ಅಂದರು. ಆ ಹೊತ್ತಿಗೆ ಒಟ್ಟೊಮನ್ ತುರ್ಕರು ಹಂಗೆರಿಯನ್ನು ಗೆದ್ದು ವಿಯೆನ್ನಾದ ಕಡೆಗೆ ಕಣ್ಣು ಹಾಕಿದ್ದರು. ಯುದ್ಧಕ್ಕೆ ಬರುವುದಿಲ್ಲ ಅನ್ನುವವರು ಆಗ ಶತ್ರುಗಳ ಹಾಗೇ ಕಂಡರು.

ಎರಡನೆಯದು ಆಣೆ. ಯೇಸು "ಆಣೆ ಇಡಲೇಬೇಡಿ" ಅಂದಿದ್ದಾನೆ, ಹಾಗಾಗಿ ನಾವು ಯಾವ ಪ್ರಮಾಣವನ್ನೂ ಮಾಡುವುದಿಲ್ಲ ಅಂದರು. ಇಂದು ನಮಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆಗ ಸ್ವಿಸ್, ಜರ್ಮನ್ ನಾಡಿನ ಅನೇಕ ಪಟ್ಟಣಗಳಲ್ಲಿ ಊರಿನ ಗಂಡಸರೆಲ್ಲ ವರ್ಷವರ್ಷ ಒಂದೆಡೆ ನಿಂತು ಊರಿಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಕೋರ್ಟಿನ ಸಾಕ್ಷಿಗೂ ಆಣೆ, ಕುಶಲಕರ್ಮಿಗಳ ಸಂಘಕ್ಕೆ ಸೇರಲೂ ಆಣೆ, ದೊರೆಗೂ ಆಣೆ. ಪೊಲೀಸ್ ವ್ಯವಸ್ಥೆ ಇಲ್ಲದ ಕಾಲದಲ್ಲಿ ಜನರ ಮಾತೇ ಊರನ್ನು ಕಟ್ಟಿ ಹಿಡಿದಿತ್ತು.

ಇದಕ್ಕೂ ಸ್ವಲ್ಪ ಮೊದಲು, 1524–25ರಲ್ಲಿ, ಜರ್ಮನಿಯ ರೈತರು ಜಮೀನ್ದಾರರ ವಿರುದ್ಧ ದಂಗೆ ಎದ್ದಿದ್ದರು. ಹತ್ತಾರು ಸಾವಿರ ಜನ ಸತ್ತು ಆ ದಂಗೆ ಮುಗಿದಿತ್ತು. ಆ ಭಯ ಇನ್ನೂ ಆರಿರಲಿಲ್ಲ. ಹಾಗಾಗಿ ಕತ್ತಿ ಮುಟ್ಟುವುದಿಲ್ಲ ಅಂದವರಲ್ಲೂ ದಂಗೆಕೋರರೇ ಕಂಡರು.

ಸಾಟ್ಲರ್‌ನನ್ನು ಹಿಡಿದು 1527ರ ಮೇ ತಿಂಗಳಲ್ಲಿ ರಾಟೆನ್‌ಬರ್ಗ್‌ನಲ್ಲಿ ವಿಚಾರಣೆ ಮಾಡಿದರು. ತುರ್ಕರು ಬಂದರೂ ಅವರ ಮೇಲೆ ಕೈ ಎತ್ತಬಾರದು ಅಂದ ಅನ್ನುವುದೂ ಆರೋಪಗಳಲ್ಲಿ ಒಂದು. ಅವನು ಅಲ್ಲ ಅನ್ನಲಿಲ್ಲ. ಅವನ ನಾಲಗೆ ಕತ್ತರಿಸಿ, ಕಾದ ಇಕ್ಕಳದಿಂದ ಮೈ ಕಿತ್ತು, ಸುಟ್ಟರು. ಕೆಲವೇ ದಿನಕ್ಕೆ ಹೆಂಡತಿ ಮಾರ್ಗರೇಟಾಳನ್ನು ನೆಕರ್ ನದಿಯಲ್ಲಿ ಮುಳುಗಿಸಿದರು. ಮರುವರ್ಷ ವಿಯೆನ್ನಾದಲ್ಲಿ ಬಾಲ್ತಸಾರ್ ಹುಬ್‌ಮೈಯರ್ ಅನ್ನುವ ದೊಡ್ಡ ವಿದ್ವಾಂಸನಿಗೂ ಬೆಂಕಿ, ಅವನ ಹೆಂಡತಿಗೆ ಡ್ಯಾನ್ಯೂಬ್ ನದಿ. ಧರ್ಮದ್ರೋಹಿ ಅಂತ ಯಾರನ್ನೂ ಸುಡಬಾರದು ಎಂದು ಹುಬ್‌ಮೈಯರ್ 1524ರಲ್ಲೇ ಬರೆದಿದ್ದ.

ಬೇಟೆ ಹೇಗೆ ನಡೆಯಿತು

1529ರಲ್ಲಿ ಸ್ಪೈಯರ್ ನಗರದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸಾಮ್ರಾಜ್ಯದ ಮಹಾಸಭೆ ಸೇರಿತು. ಕ್ಯಾಥೊಲಿಕ್ ದೊರೆಗಳ ತೀರ್ಮಾನವೊಂದನ್ನು ಲೂಥರನ ಪರ ಇದ್ದ ದೊರೆಗಳು ಪ್ರತಿಭಟಿಸಿದ್ದು ಇಲ್ಲೇ. ಪ್ರಾಟೆಸ್ಟೆಂಟ್ ಅನ್ನುವ ಹೆಸರು ಬಂದದ್ದು ಆ ಪ್ರತಿಭಟನೆಯಿಂದ. ಅದೇ ಸಭೆಯಲ್ಲಿ ಅನಬ್ಯಾಪ್ಟಿಸ್ಟರಿಗೆ ಮರಣದಂಡನೆ ಅನ್ನುವ ಆಜ್ಞೆಯೂ ಆಯಿತು. ಚರ್ಚಿನ ನ್ಯಾಯಾಲಯದ ವಿಚಾರಣೆ ಬೇಕಿಲ್ಲ ಅಂತಲೂ ಅದರಲ್ಲಿತ್ತು. ತಮ್ಮ ಮನಸ್ಸಾಕ್ಷಿಗೆ ಜಾಗ ಕೇಳಿದವರು ಇನ್ನೊಬ್ಬರ ಮನಸ್ಸಾಕ್ಷಿಗೆ ಜಾಗ ಕೊಡಲಿಲ್ಲ ಅನ್ನುವುದು ಓದುವಾಗ ನೋಯಿಸುತ್ತದೆ. ಲೂಥರ್ ಮೊದಲು ಇಂಥವರನ್ನು ಕೊಲ್ಲುವುದು ಸರಿಯಲ್ಲ ಅಂದಿದ್ದ. 1530ರ ದಶಕದಲ್ಲಿ ಅವನೂ ಒಪ್ಪಿಗೆ ಕೊಟ್ಟ.

ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ಆಸ್ಟ್ರಿಯಾ, ಟಿರೋಲ್, ನೆದರ್‌ಲ್ಯಾಂಡ್ಸ್‌ನಲ್ಲಿ ಅತಿ ಕ್ರೂರ. ಹೆಸ್ಸೆಯ ದೊರೆ ಫಿಲಿಪ್ ಮಾತ್ರ ನಂಬಿಕೆಯ ಕಾರಣಕ್ಕೆ ಯಾರನ್ನೂ ಕೊಲ್ಲುವುದಿಲ್ಲ ಅಂತ ಗಟ್ಟಿಯಾಗಿ ನಿಂತ. ಗಂಡಸರನ್ನು ಸುಡುವುದು, ತಲೆ ಕಡಿಯುವುದು, ಹೆಂಗಸರನ್ನು ಮುಳುಗಿಸುವುದು ಹೆಚ್ಚಾಗಿ ನಡೆದ ಪದ್ಧತಿ. ಮುಳುಗಿಸುವುದಕ್ಕೆ 'ಮೂರನೇ ದೀಕ್ಷಾಸ್ನಾನ' ಅಂತ ಹೆಸರಿಟ್ಟು ಆಡಿಕೊಂಡರು. ಒಟ್ಟು 2,000ದಿಂದ 3,000 ಜನರನ್ನು ಕೊಂದಿರಬೇಕು ಅನ್ನುವುದು ಇತಿಹಾಸಕಾರರ ಅಂದಾಜು. ಆಸ್ತಿ ಕಳೆದುಕೊಂಡು ಊರು ಬಿಟ್ಟವರು ಅದಕ್ಕಿಂತ ಎಷ್ಟೋ ಜಾಸ್ತಿ.

ಕೊಲ್ಲುವ ಜಾಗದಲ್ಲಿ ಇವರು ಹಾಡುತ್ತಿದ್ದರು, ಜನರಿಗೆ ಉಪದೇಶ ಮಾಡುತ್ತಿದ್ದರು. ನೋಡಲು ಬಂದವರು ಅದನ್ನು ಕೇಳಿ ಸೇರಿಬಿಡುತ್ತಾರೆ ಅನ್ನುವ ಭಯಕ್ಕೆ ನಾಲಗೆಗೆ ಕಬ್ಬಿಣದ ತಿರುಪು ಬಿಗಿಯುವ ಪದ್ಧತಿ ಬಂತು. 1573ರ ಅಕ್ಟೋಬರಿನಲ್ಲಿ ಆಂಟ್‌ವರ್ಪ್‌ನಲ್ಲಿ ಮೇಕನ್ ವೆನ್ಸ್ ಅನ್ನುವ, ಗಾರೆ ಕೆಲಸದವನ ಹೆಂಡತಿಯನ್ನು ಹೀಗೆ ಬಾಯಿ ಕಟ್ಟಿ ಸುಟ್ಟರು. ಅವಳ ದೊಡ್ಡ ಮಗ ಆಡ್ರಿಯನ್‌ಗೆ ಆಗ 15 ವರ್ಷ. ಮೂರು ವರ್ಷದ ತಮ್ಮನನ್ನು ಎತ್ತಿಕೊಂಡು ಬೆಂಚಿನ ಮೇಲೆ ನಿಂತಿದ್ದ. ತಾಯಿಯನ್ನು ಕಂಬಕ್ಕೆ ತಂದಾಗ ಪ್ರಜ್ಞೆ ತಪ್ಪಿ ಬಿದ್ದ. ಎದ್ದಾಗ ಎಲ್ಲ ಮುಗಿದಿತ್ತು. ಬೂದಿ ಕೆದಕಿ ಆ ತಿರುಪನ್ನು ಹುಡುಕಿ ಎತ್ತಿಟ್ಟುಕೊಂಡ. ಸೆರೆಮನೆಯಿಂದ ಅವಳು ಇವನಿಗೆ ಬರೆದ ಪತ್ರವೂ ಉಳಿದಿದೆ.

ಮ್ಯೂನ್‌ಸ್ಟರ್: ಎಲ್ಲರ ಹೆಸರು ಕೆಡಿಸಿದ ಊರು

ಅನಬ್ಯಾಪ್ಟಿಸ್ಟರೆಲ್ಲ ಶಾಂತಿವಾದಿಗಳೇ ಅಂದರೆ ಅದೂ ತಪ್ಪಾಗುತ್ತದೆ. ಮೆಲ್ಕಿಯೋರ್ ಹಾಫ್‌ಮನ್ ಅನ್ನುವ ಬೋಧಕ ಲೋಕದ ಕೊನೆ ಹತ್ತಿರ ಬಂತು ಅಂತ ಸಾರಿದ. ಅದನ್ನು ನಂಬಿದ ಒಂದು ಗುಂಪು 1534ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರವನ್ನು ಕೈಗೆ ತೆಗೆದುಕೊಂಡಿತು. ದೀಕ್ಷಾಸ್ನಾನ ಬೇಡ ಅಂದವರನ್ನು ಚಳಿಯಲ್ಲಿ ಊರಿನಿಂದ ಓಡಿಸಿದರು. ಆಸ್ತಿಯೆಲ್ಲ ಎಲ್ಲರದು ಅಂದರು. ಬಿಷಪ್ ಸೈನ್ಯ ತಂದು ಮುತ್ತಿಗೆ ಹಾಕಿದ. ಮುಂದಾಳು ಯಾನ್ ಮಥೈಸ್ ಈಸ್ಟರ್ ದಿನ ಕೆಲವೇ ಜನರೊಂದಿಗೆ ಕೋಟೆಯ ಹೊರಗೆ ನುಗ್ಗಿ ಸತ್ತ. ಆಮೇಲೆ ಲೈಡನ್ ಊರಿನ ಯಾನ್ ಅನ್ನುವ ತರುಣ ದರ್ಜಿ ತನ್ನನ್ನು ರಾಜ ಅಂತ ಘೋಷಿಸಿಕೊಂಡ. ಒಬ್ಬ ಗಂಡಸಿಗೆ ಹಲವು ಹೆಂಡಿರು ಅನ್ನುವ ನಿಯಮ ತಂದ. ವಿರೋಧಿಸಿದವರ ತಲೆ ಕಡಿಸಿದ. ಒಳಗೆ ಜನ ಹಸಿವಿನಿಂದ ಸತ್ತರು.

1535ರ ಜೂನಿನಲ್ಲಿ ಊರು ಬಿತ್ತು. ಮರುವರ್ಷದ ಜನವರಿಯಲ್ಲಿ ಮೂವರು ನಾಯಕರನ್ನು ಚಿತ್ರಹಿಂಸೆ ಕೊಟ್ಟು ಕೊಂದು, ಹೆಣಗಳನ್ನು ಕಬ್ಬಿಣದ ಪಂಜರಗಳಲ್ಲಿ ಹಾಕಿ ಸೇಂಟ್ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಆ ಮೂರು ಪಂಜರಗಳು ಇಂದಿಗೂ ಅಲ್ಲೇ ಇವೆ. ಅಲ್ಲಿಂದ ಮುಂದೆ ಎಲ್ಲೇ ಅನಬ್ಯಾಪ್ಟಿಸ್ಟ್ ಸಿಕ್ಕರೂ "ಇವನೂ ಮ್ಯೂನ್‌ಸ್ಟರಿನವನೇ" ಅನ್ನುವುದು ಸುಲಭವಾಯಿತು. ಆದರೆ ಕೊಲೆಗಳು ಅದಕ್ಕೂ ಏಳೆಂಟು ವರ್ಷ ಮೊದಲೇ ಶುರುವಾಗಿದ್ದವು ಅನ್ನುವುದನ್ನು ಮರೆಯುವಂತಿಲ್ಲ.

ಮೆನ್ನೊ ಸೈಮನ್ಸ್ ಮತ್ತು ಅವನ ನಂತರದವರು

ಡಚ್ ನಾಡಿನ ಮೆನ್ನೊ ಸೈಮನ್ಸ್ ಕ್ಯಾಥೊಲಿಕ್ ಪಾದ್ರಿ. 1531ರಲ್ಲಿ ಲೇವಾರ್ಡನ್ ಊರಲ್ಲಿ ಒಬ್ಬ ದರ್ಜಿಯ ತಲೆಯನ್ನು ಮರು ದೀಕ್ಷಾಸ್ನಾನ ಪಡೆದದ್ದಕ್ಕೆ ಕಡಿದರು ಅಂತ ಕೇಳಿದಾಗ ಅವನಿಗೆ ಮೊದಲ ಸಲ ಅನುಮಾನ ಹುಟ್ಟಿತು. 1536ರಲ್ಲಿ ಪಾದ್ರಿ ಕೆಲಸ ಬಿಟ್ಟು, ಮ್ಯೂನ್‌ಸ್ಟರಿನ ನಂತರ ದಿಕ್ಕೆಟ್ಟಿದ್ದವರನ್ನು ಅಹಿಂಸೆಯ ದಾರಿಗೆ ತಂದು ಒಟ್ಟುಗೂಡಿಸಿದ. ಮೆನ್ನೊನೈಟ್ ಅನ್ನುವ ಹೆಸರು ಬಂದದ್ದು ಅವನಿಂದ. ಅವನ ತಲೆಗೆ ಚಕ್ರವರ್ತಿ ಬೆಲೆ ಕಟ್ಟಿದ್ದ. ಅವನಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದಕ್ಕೆ ಒಬ್ಬ ರೈತನನ್ನು ಕೊಂದರು. ಆದರೂ ಮೆನ್ನೊ ಯಾರ ಕೈಗೂ ಸಿಗದೆ 1561ರಲ್ಲಿ ಸಹಜವಾಗಿ ತೀರಿಕೊಂಡ.

ಡಿರ್ಕ್ ವಿಲ್ಲೆಮ್ಸ್‌ನ ಕಥೆ ಮೆನ್ನೊನೈಟ್ ಮನೆಗಳ ಮಕ್ಕಳಿಗೆಲ್ಲ ಗೊತ್ತು. 1569ರಲ್ಲಿ ಡಚ್ ನಾಡಿನ ಆಸ್ಪೆರನ್ ಊರಲ್ಲಿ ತಪ್ಪಿಸಿಕೊಂಡು ಓಡುತ್ತಿದ್ದ ಡಿರ್ಕ್, ತೆಳ್ಳಗೆ ಹೆಪ್ಪುಗಟ್ಟಿದ್ದ ನೀರನ್ನು ಹೇಗೋ ದಾಟಿದ. ಬೆನ್ನಟ್ಟಿ ಬಂದವನು ಮಂಜು ಒಡೆದು ಒಳಗೆ ಬಿದ್ದ. ಡಿರ್ಕ್ ವಾಪಸ್ ಹೋಗಿ ಅವನನ್ನು ಮೇಲೆತ್ತಿದ. ಜೀವ ಉಳಿದವನು ಇವನನ್ನು ಬಿಟ್ಟುಬಿಡಬೇಕು ಅಂದುಕೊಂಡ. ದಡದಲ್ಲಿದ್ದ ಊರಿನ ಮುಖ್ಯಸ್ಥ "ನಿನ್ನ ಆಣೆ ನೆನಪಿರಲಿ" ಅಂತ ಕೂಗಿದ. ಡಿರ್ಕ್‌ನನ್ನು ಹಿಡಿದರು, ಮೇ 16ರಂದು ಸುಟ್ಟರು. ಈ ಜನ ಆಣೆಯನ್ನು ಯಾಕೆ ಬೇಡ ಅಂದರು ಅನ್ನುವುದು ನನಗೆ ಸರಿಯಾಗಿ ಹೊಳೆದದ್ದು ಈ ಘಟನೆ ಓದಿದಾಗ. ಉಪಕಾರ ನೆನೆದು ಬಿಟ್ಟುಬಿಡಲು ಹೊರಟವನ ಕೈಯನ್ನು ಅವನ ಆಣೆಯೇ ಕಟ್ಟಿಹಾಕಿತು.

ಡಚ್ ನಾಡಿನಲ್ಲಿ 1570ರ ದಶಕದಿಂದ ಹಿಂಸೆ ನಿಂತಿತು. ಸ್ವಿಟ್ಜರ್ಲೆಂಡಿನಲ್ಲಿ ಇನ್ನೂ ನಡೆಯಿತು. ಜ್ಯೂರಿಕ್ ಕೊನೆಯದಾಗಿ ಹಾನ್ಸ್ ಲಾಂಡಿಸ್ ಅನ್ನುವವನ ತಲೆ ಕಡಿದದ್ದು 1614ರಲ್ಲಿ. ಉಳಿದವರು ಬೆಟ್ಟದ ತೋಟಗಳಿಗೆ, ರೈನ್ ನದಿಯ ಕಡೆಗೆ ಸರಿದರು. 1693ರಲ್ಲಿ ಅವರಲ್ಲೇ ಒಡಕು ಬಂದು ಯಾಕೋಬ್ ಅಮ್ಮಾನ್‌ನ ಹಿಂದೆ ಹೋದವರು ಆಮಿಶ್ ಆದರು. ಪಸ್ಸಾವ್ ಕೋಟೆಯ ಸೆರೆಯಲ್ಲಿ ಅನಬ್ಯಾಪ್ಟಿಸ್ಟ್ ಕೈದಿಗಳು ಕಟ್ಟಿದ ಹಾಡುಗಳನ್ನು ಆಮಿಶ್ ಜನ ಇಂದಿಗೂ ಪ್ರಾರ್ಥನೆಯಲ್ಲಿ ಹಾಡುತ್ತಾರೆ. ಮೊರಾವಿಯಾದಲ್ಲಿ 1528ರಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ತಮ್ಮಲ್ಲಿದ್ದ ಎಲ್ಲವನ್ನೂ ಅದಕ್ಕೆ ಸುರಿದು, ಕೂಡಿ ಬಾಳಲು ಶುರುಮಾಡಿದವರೇ ಹಟ್ಟರೈಟರು. ಅವರ ನಾಯಕ ಯಾಕೋಬ್ ಹಟ್ಟರ್‌ನನ್ನು 1536ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸುಟ್ಟರು. ಅವನ ಕಡೆಯವರು ಅನೇಕ ದೇಶ ಅಲೆದು ಈಗ ಕೆನಡಾ, ಅಮೆರಿಕದಲ್ಲಿ ಒಟ್ಟಾಗಿ ಬೇಸಾಯ ಮಾಡಿಕೊಂಡಿದ್ದಾರೆ.

ಕ್ಷಮೆ ಕೇಳಿದ್ದು, ಈಗ ಇರುವುದು

2004ರಲ್ಲಿ ಜ್ಯೂರಿಕ್‌ನ ಸುಧಾರಿತ ಚರ್ಚು ಅನಬ್ಯಾಪ್ಟಿಸ್ಟರ ವಂಶದ ಸಭೆಗಳ ಕ್ಷಮೆ ಕೇಳಿತು. ಲಿಮ್ಮಾಟ್ ದಡದಲ್ಲಿ ಮಾಂಟ್ಸ್ ಮತ್ತು ಅಲ್ಲಿ ಮುಳುಗಿಸಿದ ಉಳಿದವರ ನೆನಪಿಗೆ ಕಲ್ಲಿನ ಫಲಕ ಹಾಕಿದರು. 2010ರ ಜುಲೈನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸೇರಿದ್ದ ಲೂಥರನ್ ವಿಶ್ವ ಒಕ್ಕೂಟವೂ ಕ್ಷಮೆ ಕೇಳಿತು. ಅವರಿಗೆ ಒಂದು ತೊಡಕಿತ್ತು. ಲೂಥರನ್ನರ 1530ರ ವಿಶ್ವಾಸ ಪ್ರಕಟಣೆಯಲ್ಲೇ ಅನಬ್ಯಾಪ್ಟಿಸ್ಟರನ್ನು ಖಂಡಿಸುವ ಸಾಲುಗಳಿವೆ, ಅದನ್ನು ಅಳಿಸಲಾಗದು. ಆದರೆ ಆ ಸಾಲುಗಳನ್ನು ಇಟ್ಟುಕೊಂಡು ಮಾಡಿದ ಹಿಂಸೆಗೆ ಕ್ಷಮೆ ಕೇಳುತ್ತೇವೆ ಅಂದರು. ಮೆನ್ನೊನೈಟರ ಪರವಾಗಿ ಅದನ್ನು ಸ್ವೀಕರಿಸಿದವರು ಜಿಂಬಾಬ್ವೆಯ ಡಾನಿಸಾ ಎನ್‌ಡ್ಲೋವು.

ಆಫ್ರಿಕಾದವರೊಬ್ಬರು ಆ ಸ್ಥಾನದಲ್ಲಿದ್ದದ್ದು ಆಕಸ್ಮಿಕ ಅಲ್ಲ. ಇಂದು ಲೋಕದಲ್ಲಿರುವ ಸುಮಾರು 20 ಲಕ್ಷ ಅನಬ್ಯಾಪ್ಟಿಸ್ಟರಲ್ಲಿ ಹೆಚ್ಚಿನವರು ಇರುವುದು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದಲ್ಲಿ. ಭಾರತದಲ್ಲೂ ಇದ್ದಾರೆ. 1899ರಲ್ಲಿ ಬರಗಾಲದ ಹೊತ್ತಿಗೆ ಬಂದ ಅಮೆರಿಕದ ಮೆನ್ನೊನೈಟರು ಈಗಿನ ಛತ್ತೀಸಗಢದ ಧಮ್ತರಿಯಲ್ಲಿ ಕೆಲಸ ಶುರುಮಾಡಿದರು. ನಮ್ಮ ರಾಯಚೂರಿನ ಆಚೆಗಿರುವ ತೆಲಂಗಾಣದ ಮಹಬೂಬ್‌ನಗರದ ಸುತ್ತಮುತ್ತ ಮೆನ್ನೊನೈಟ್ ಬ್ರದರನ್ ಸಭೆಗಳಿವೆ. ಪಕ್ಕದ ಜಡ್ಚರ್ಲದಲ್ಲಿ ಅವರದೇ ಆಸ್ಪತ್ರೆಯಿದೆ. 1997ರಲ್ಲಿ ಮೆನ್ನೊನೈಟರ ವಿಶ್ವ ಸಮ್ಮೇಳನ ನಡೆದದ್ದೂ ಭಾರತದಲ್ಲೇ, ಕೋಲ್ಕತ್ತದಲ್ಲಿ.